ಉಬ್ಬಿದ ರಕ್ತನಾಳಕ್ಕೆ ಚುಚ್ಚುಮದ್ದು: ನಾಲ್ಕು ವರ್ಷಗಳ ಬಳಿಕ

ಕಾಲುಗಳಿಗೆ ಸ್ಕ್ಲೀರೋಥೆರಪಿ, ಅಂದರೆ ಉಬ್ಬಿದ ರಕ್ತನಾಳಕ್ಕೆ ಔಷಧ ಚುಚ್ಚಿ ಅದನ್ನು ಮುಚ್ಚುವ ಚಿಕಿತ್ಸೆ, ಮಾಡಿಸಿಕೊಂಡು ನಾಲ್ಕು ವರ್ಷಗಳಾದವು. ಮೊದಲ ತಿಂಗಳಲ್ಲೇ ಬರೆದಿದ್ದರೆ ಈ ಚಿಕಿತ್ಸೆಯನ್ನು ತೆಗಳುತ್ತಿದ್ದೆ, ವರ್ಷ ಕಳೆದ ಮೇಲೆ ಬರೆದಿದ್ದರೆ ಅತಿಯಾಗಿ ಹೊಗಳುತ್ತಿದ್ದೆ. ಅದಕ್ಕೇ ಇಷ್ಟು ಕಾಲ ಸುಮ್ಮನಿದ್ದೆ.

ನನ್ನ ಬಲ ಮೀನಖಂಡದ ಮೇಲೆ ಹಗ್ಗದಂತೆ ಸುರುಳಿ ಸುತ್ತಿದ ಉಬ್ಬಿತ್ತು, ತೊಡೆಗಳ ಹೊರಬದಿಯಲ್ಲಿ ಜೇಡರ ಬಲೆಯಂತಹ ನೇರಳೆ ಗೆರೆಗಳಿದ್ದವು. ಆಡುಮಾತಿನಲ್ಲಿ ‘ನರ ಉಬ್ಬಿದೆ’ ಎನ್ನುತ್ತೇವಾದರೂ ಇವು ನರಗಳಲ್ಲ, ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗಳು. ಒಳಗಿನ ಕವಾಟಗಳು ಸಡಿಲವಾದಾಗ ರಕ್ತ ಕೆಳಗೇ ನಿಂತು ಅವು ಹಿಗ್ಗುತ್ತವೆ.

ಮೊದಲು ಹೋದ ಚಿಕಿತ್ಸಾಲಯದಲ್ಲಿ ಸ್ಕ್ಯಾನ್ ಮಾಡದೆಯೇ ಗೆರೆಗಳಿಗೆ ಸೂಜಿ ಹಾಕಿದರು. ಕೆಲವೇ ತಿಂಗಳಲ್ಲಿ ಅವು ಅದೇ ಜಾಗದಲ್ಲಿ ಮತ್ತೆ ಮೂಡಿದವು. ಎರಡನೆಯ ವೈದ್ಯರು ನನ್ನನ್ನು ನಿಲ್ಲಿಸಿ, ಮೀನಖಂಡವನ್ನು ಹಿಸುಕಿ ಬಿಟ್ಟು, ರಕ್ತ ಹಿಮ್ಮುಖವಾಗಿ ಇಳಿಯುವುದನ್ನು ಡಾಪ್ಲರ್ (ರಕ್ತದ ಹರಿವನ್ನು ತೋರಿಸುವ ಸ್ಕ್ಯಾನ್) ಪರದೆಯ ಮೇಲೆ ತೋರಿಸಿದರು. ಅದು ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಇಳಿದರೆ ದೋಷವೆಂದೇ ಲೆಕ್ಕ. ಸೋರುವ ಮೂಲವನ್ನು ಮೊದಲು ಮುಚ್ಚಿ, ಆಮೇಲೆ ಗೆರೆಗಳಿಗೆ ಬರಬೇಕು. ಈ ಕ್ರಮ ತಪ್ಪಿದ್ದರಿಂದಲೇ ನನ್ನ ಮೊದಲ ಹಣ ವ್ಯರ್ಥವಾಯಿತು ಎಂಬುದು ನನ್ನ ಅಭಿಪ್ರಾಯ.

ದೊಡ್ಡ ನಾಳಕ್ಕೆ ಪಾಲಿಡೋಕನಾಲ್ ಎಂಬ ಔಷಧದ ನೊರೆ ಬಳಸಿದರು. ಔಷಧ ಮತ್ತು ಗಾಳಿಯನ್ನು ಎರಡು ಸಿರಿಂಜ್‌ಗಳ ನಡುವೆ ಹಲವು ಬಾರಿ ಅತ್ತಿತ್ತ ತಳ್ಳಿದಾಗ ಕ್ಷೌರದ ನೊರೆಯಂತಹ ಬಿಳಿ ವಸ್ತು ಸಿದ್ಧವಾಗುತ್ತದೆ. ಅದು ರಕ್ತವನ್ನು ಪಕ್ಕಕ್ಕೆ ಸರಿಸಿ ನಾಳದ ಒಳಪದರವನ್ನು ಕೆಡಿಸುತ್ತದೆ, ಗೋಡೆಗಳು ಅಂಟಿಕೊಳ್ಳುತ್ತವೆ, ಮುಚ್ಚಿದ ನಾಳವನ್ನು ದೇಹವೇ ನಿಧಾನವಾಗಿ ಹೀರಿಕೊಳ್ಳುತ್ತದೆ. ನೋವು ಹೆಚ್ಚೇನೂ ಇರಲಿಲ್ಲ. ಗೆರೆಗಳಿಗೆ ಹಾಕಿದ ಕೂದಲೆಳೆಯ ಸೂಜಿಗಳೇ ಇರುವೆ ಕಚ್ಚಿದಂತೆ ಹೆಚ್ಚು ಉರಿದವು.

ನನ್ನನ್ನು ಕಂಗೆಡಿಸಿದ್ದು ಅನಂತರದ ದಿನಗಳು. ಮೂರನೆಯ ವಾರ ಮೀನಖಂಡದಲ್ಲಿ ಮುಟ್ಟಿದರೆ ನೋಯುವ ಗಟ್ಟಿ ದಾರವೊಂದು ಕೈಗೆ ಸಿಗುತ್ತಿತ್ತು; ವೈದ್ಯರು ಸೂಜಿಯಿಂದ ಚುಚ್ಚಿ, ಒಳಗೆ ಸಿಕ್ಕಿಕೊಂಡಿದ್ದ ಕಪ್ಪು ರಕ್ತವನ್ನು ಹಿಂಡಿ ತೆಗೆದ ಮೇಲೆ ಅಂದೇ ನೋವು ಇಳಿಯಿತು. ರಕ್ತದ ಕಬ್ಬಿಣಾಂಶ ಚರ್ಮದಲ್ಲಿ ಉಳಿದು ಮೂಡುವ ಕಂದು ಕಲೆ ಮಾತ್ರ ಮಾಸಲು ಹದಿನಾಲ್ಕು ತಿಂಗಳು ಹಿಡಿಯಿತು. ಚಿಕಿತ್ಸೆಯ ನಂತರ ಹಾಕಿಕೊಳ್ಳುವ ಬಿಗಿ ಕಾಲುಚೀಲವನ್ನು ಏರಿಸುವುದೇ ಒಂದು ವ್ಯಾಯಾಮ. ರಬ್ಬರ್ ಕೈಗವಸು ಹಾಕಿಕೊಂಡರೆ ಹಿಡಿತ ಸಿಗುತ್ತದೆ ಎಂಬುದನ್ನು ಯಾರೂ ಮೊದಲೇ ಹೇಳಲಿಲ್ಲ.

ಗರ್ಭಿಣಿಯರಿಗೆ ಇದನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಮೊದಲೇ ತಿಳಿಸಬೇಕು; ಚಿಕಿತ್ಸೆಯ ನಂತರ ಕಾಲು ಒಮ್ಮೆಲೇ ಊದಿದರೆ ಅಥವಾ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮುಚ್ಚಿದ ದೊಡ್ಡ ನಾಳ ಈ ವರ್ಷದ ಸ್ಕ್ಯಾನ್‌ನಲ್ಲೂ ಮುಚ್ಚಿಯೇ ಇದೆ, ಸಂಜೆಯ ಕಾಲುಭಾರ ಮರಳಿಲ್ಲ. ಎಡಗಣಕಾಲಿನ ಬಳಿ ಹೊಸ ಗೆರೆಗಳು ಮೂಡಿವೆ. ಅವು ನೋಯುವುದಿಲ್ಲವಾದ್ದರಿಂದ, ಮತ್ತೊಮ್ಮೆ ಕಂದು ಕಲೆಯನ್ನು ಸಹಿಸಿಕೊಳ್ಳುವ ಮನಸ್ಸು ಬರುವವರೆಗೆ ಹಾಗೆಯೇ ಬಿಟ್ಟಿದ್ದೇನೆ.