ಎಡವುತ್ತಾ ನಡೆಯುವ ಮಗು ಜೊತೆ ಅಂಡಮಾನ್ ಪ್ಯಾಕೇಜ್: ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ

ಚಿಕ್ಕ ಮಗುವನ್ನು ಕಟ್ಟಿಕೊಂಡು ಅಂಡಮಾನ್‌ಗೆ ಹೊರಟಿದ್ದೀರಾ? ಟೂರ್ ಏಜೆಂಟ್ ವಾಟ್ಸಾಪ್‌ನಲ್ಲಿ ಕಳಿಸಿದ ಪಿಡಿಎಫ್ ತೆಗೆಯಿರಿ. ಅದರಲ್ಲಿ ಏನೂ ಕಾರ್ಯಕ್ರಮ ಇಲ್ಲದ ಖಾಲಿ ದಿನ ಎಷ್ಟಿವೆ ಎಂದು ನೋಡಿ. ನಮ್ಮದರಲ್ಲಿ ಒಂದೂ ಇರಲಿಲ್ಲ. ಪೋರ್ಟ್ ಬ್ಲೇರ್, ಬಾರಾಟಾಂಗ್, ಹ್ಯಾವ್‌ಲಾಕ್, ನೀಲ್, ಮತ್ತೆ ಪೋರ್ಟ್ ಬ್ಲೇರ್. ಬೆಳಗಾದರೆ ಒಂದು ಹಡಗು, ಇಲ್ಲವೇ ಒಂದು ಕಾರು. ಕೊನೆಯ ದಿನ ಬೆಳಗ್ಗೆ ನೀಲ್‌ನಿಂದ ಫೆರಿ, ಅದೇ ಮಧ್ಯಾಹ್ನ ಬೆಂಗಳೂರಿಗೆ ವಿಮಾನ. ನಾವು ಪಟ್ಟ ಪಾಡಿಗೆಲ್ಲ ಮೂಲ ಈ ಒಂದು ಹಾಳೆ.

(ಹೆಸರುಗಳ ಬಗ್ಗೆ ಒಂದು ಮಾತು. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಟಿಕೆಟ್‌ನಲ್ಲಿ ಹಳೆಯ ಹೆಸರೂ ಇರಬಹುದು, ಹೊಸದೂ ಇರಬಹುದು. ಎರಡೂ ಒಂದೇ ಊರು, ಗಾಬರಿಯಾಗಬೇಡಿ.)

ಮಗಳಿಗೆ ಆಗ ಒಂದೂವರೆ ವರ್ಷ. ಏಜೆಂಟ್‌ಗೆ ಫೋನಿನಲ್ಲಿ ಮೊದಲೇ ಹೇಳಿದ್ದೆ: ಮಗು ಮಧ್ಯಾಹ್ನ ಮಲಗಬೇಕು, ರಾಗಿ ಸರಿ ಮತ್ತು ಮೊಸರನ್ನ ಬಿಟ್ಟು ಬೇರೇನೂ ಸರಿಯಾಗಿ ತಿನ್ನುವುದಿಲ್ಲ, ಓಡಾಟ ಕಡಿಮೆ ಇಡಿ. "ಬೇಬಿ ಇದ್ರೆ ಏನೂ ತೊಂದರೆ ಇಲ್ಲ ಮೇಡಂ, ಎಲ್ಲ ಫ್ಯಾಮಿಲಿಗೂ ಇದೇ ಪ್ಯಾಕೇಜ್ ಕೊಡ್ತೀವಿ, ನೀವು ಸುಮ್ನೆ ಬನ್ನಿ" ಎಂದರು. ಆಮೇಲೆ ಗೊತ್ತಾಯಿತು, ಹನಿಮೂನ್‌ಗೆ ಹೋಗುವವರಿಗೂ ಅದೇ ಹಾಳೆ ಹೋಗುತ್ತದೆ. ಮಗುವಿನ ಬಗ್ಗೆ ನಾನು ಹೇಳಿದ್ದರಲ್ಲಿ ಒಂದಕ್ಷರವೂ ಅದರಲ್ಲಿ ಸೇರಿರಲಿಲ್ಲ.

ಬೆಂಗಳೂರಿನಿಂದ ಹೊರಟ ವಿಮಾನ ನಸುಕಿನದ್ದು. ಹಾಗಾಗಿ ಮಗುವಿನ ಒಂದು ರಾತ್ರಿಯ ನಿದ್ದೆ ಮನೆ ಬಿಡುವಾಗಲೇ ಹೋಯಿತು. ಇಳಿದ ದಿನವೇ ಸೆಲ್ಯುಲಾರ್ ಜೈಲು, ಸಂಜೆ ಧ್ವನಿ ಬೆಳಕಿನ ಕಾರ್ಯಕ್ರಮ. ಮರುದಿನ ಬಾರಾಟಾಂಗ್. ಇದನ್ನು ಪಿಡಿಎಫ್‌ನಲ್ಲಿ 'ಸುಣ್ಣದ ಕಲ್ಲಿನ ಗುಹೆ, ಮ್ಯಾಂಗ್ರೋವ್ ದೋಣಿ ವಿಹಾರ' ಎಂದು ಚೆಂದವಾಗಿ ಬರೆದಿರುತ್ತಾರೆ. ಆದರೆ ಆ ರಸ್ತೆ ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡಿನೊಳಗೆ ಹಾದುಹೋಗುತ್ತದೆ. ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಿಂದ ವಾಹನಗಳನ್ನು ಗುಂಪು ಮಾಡಿ, ಕಾವಲಿನಲ್ಲಿ, ಗೊತ್ತಾದ ಹೊತ್ತಿಗೆ ಮಾತ್ರ ಬಿಡುತ್ತಾರೆ. ಬೆಳಗಿನ ಮೊದಲ ಸಾಲಿಗೆ ಸಿಗಬೇಕೆಂದರೆ ಹೋಟೆಲಿನಿಂದ ಇನ್ನೂ ಕತ್ತಲಿರುವಾಗಲೇ ಹೊರಡಬೇಕು. ಕಾಡಿನೊಳಗೆ ಎಲ್ಲೂ ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಈ ನಿಯಮ ಸರಿಯಾದದ್ದೇ, ಅದು ಅವರ ನೆಲ. ಆದರೆ ಮಗು ವಾಂತಿ ಮಾಡಿದರೂ ಡೈಪರ್ ಒದ್ದೆಯಾದರೂ ನಡೆಯುವ ಗಾಡಿಯಲ್ಲೇ ನೋಡಿಕೊಳ್ಳಬೇಕು ಎಂದು ಯಾರಾದರೂ ಮೊದಲು ಹೇಳಬೇಕಲ್ವಾ? ವಾಪಸ್ ಬರುವಾಗಲೂ ಇದೇ ಕಥೆ. ಮೂರು ವರ್ಷದೊಳಗಿನ ಮಗು ಇದ್ದರೆ ಬಾರಾಟಾಂಗ್ ಅನ್ನು ಪಟ್ಟಿಯಿಂದ ಹೊಡೆದುಹಾಕಿ. ಎರಡನೇ ಯೋಚನೆಯೇ ಬೇಡ.

ಇನ್ನು ಫೆರಿ. ಫೋಟೋದಲ್ಲಿ ಬಿಳಿ ಹಡಗು, ನೀಲಿ ನೀರು. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ವೇಗದ ಖಾಸಗಿ ಫೆರಿಯಲ್ಲಿ ಒಂದೂವರೆ ಎರಡು ಗಂಟೆ. ನಾವು ಹೋದದ್ದು ನಾಲ್ಕೂ ಕಡೆ ಗಾಜು ಮುಚ್ಚಿದ ಎಸಿ ಕ್ಯಾಬಿನ್. ನಡುವೆ ಎದ್ದು ಹೊರಗೆ ಹೋಗಲು ಬಿಡಲಿಲ್ಲ. ಸಮುದ್ರ ಸ್ವಲ್ಪ ಎದ್ದಿದ್ದರೂ ಸಾಕು, ದೊಡ್ಡವರೇ ಕವರ್ ಹಿಡಿದು ಕೂತಿರುತ್ತಾರೆ. ನಡೆಯಲು ಈಗಷ್ಟೇ ಕಲಿತ ಮಗು ಮಡಿಲಲ್ಲಿ ಅಷ್ಟು ಹೊತ್ತು ಕೂರುತ್ತದೆಯೇ? ಮಗಳು ಅತ್ತಳು, ವಾಂತಿ ಮಾಡಿದಳು, ಮತ್ತೆ ಅತ್ತಳು.

ಇದಕ್ಕಿಂತ ದೊಡ್ಡ ವಿಷಯ ಜೆಟ್ಟಿಯಲ್ಲಿ ನಡೆದದ್ದು. ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಏಜೆಂಟ್ ಕಡೆಯ ಹುಡುಗ ಒಂದು ಸಿರಪ್ ಹೆಸರು ಹೇಳಿ, "ಅರ್ಧ ಚಮಚ ಕೊಡಿ ಅಕ್ಕಾ, ಮಗು ಹ್ಯಾವ್‌ಲಾಕ್ ತನಕ ಮಲಗುತ್ತೆ, ಎಲ್ಲರೂ ಕೊಡ್ತಾರೆ" ಎಂದ. ನಮ್ಮ ಯಜಮಾನರು ತಕ್ಷಣ ನಮ್ಮ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದರು. ಅದು ಪ್ರೊಮೆಥಜೈನ್ ಇರುವ ಸಿರಪ್. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಲೇಬಾರದು. ಉಸಿರಾಟವೇ ಕುಗ್ಗಿಹೋಗುವ ಅಪಾಯ ಇದೆ, ಜೀವಕ್ಕೇ ಕುತ್ತು ಬಂದ ಉದಾಹರಣೆಗಳಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಎಚ್ಚರಿಕೆ ಕೊಟ್ಟು ಇಪ್ಪತ್ತು ವರ್ಷ ದಾಟಿದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಗೊತ್ತಿಲ್ಲ. ಚಿಕ್ಕ ಮಕ್ಕಳಿರುವ ಕುಟುಂಬಗಳಿಗೆ ಪ್ಯಾಕೇಜ್ ಮಾರುವ ಕಂಪನಿ, ಔಷಧಿ ಬಗ್ಗೆ ಬಾಯಿ ಹಾಕಬೇಡ ಎಂದು ಅವನಿಗೆ ಹೇಳಿಕೊಡಬೇಕಿತ್ತು. ಪ್ರಯಾಣದ ವಾಂತಿಗೆ ಏನು ಕೊಡಬಹುದು, ಏನು ಕೊಡಬಾರದು ಎಂದು ಹೊರಡುವ ವಾರವೇ ನಿಮ್ಮ ಡಾಕ್ಟರ್ ಹತ್ತಿರ ಚೀಟಿ ಬರೆಸಿಕೊಳ್ಳಿ. ಜೆಟ್ಟಿಯಲ್ಲಿ ಯಾರು ಏನು ಕೊಟ್ಟರೂ ಬಾಯಿಗೆ ಹಾಕಬೇಡಿ.

ಹ್ಯಾವ್‌ಲಾಕ್ ಚೆಂದದ ಊರು, ಅದರಲ್ಲಿ ಎರಡು ಮಾತಿಲ್ಲ. ರಾಧಾನಗರ ಬೀಚಿನ ಮರಳಿನ ಮೇಲೆ ಮಗಳು ಕೂತು ಆಡಿದ್ದು ಇಡೀ ಪ್ರವಾಸದಲ್ಲಿ ನಮಗೆ ಸಿಕ್ಕ ಒಂದೇ ನೆಮ್ಮದಿಯ ಹೊತ್ತು. ಆದರೆ ಅಲ್ಲಿ ಸೂರ್ಯ ನಮ್ಮ ಹಾಗೆ ನಡೆಯುವುದಿಲ್ಲ. ದ್ವೀಪ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ನಮ್ಮದೇ. ಐದರ ಹೊತ್ತಿಗೆಲ್ಲ ಬೆಳಗು, ಸಂಜೆ ಐದೂವರೆಗೆ ಕತ್ತಲು. ಊಟ ಮುಗಿಸಿ ಮಗು ಮಲಗಿ ಏಳುವಷ್ಟರಲ್ಲಿ ದಿನ ಮುಗಿದಿರುತ್ತದೆ. ಪ್ಯಾಕೇಜ್‌ನವರು ಬೀಚಿಗೆ ಇಟ್ಟ ಹೊತ್ತು ಮಧ್ಯಾಹ್ನ ಎರಡರಿಂದ, ಸರಿಯಾಗಿ ಅವಳ ನಿದ್ದೆಯ ಸಮಯ. ಬೀಚಿನ ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಳು ನೊಣಗಳಿವೆ. ಕಚ್ಚಿದಾಗ ಗೊತ್ತಾಗುವುದಿಲ್ಲ, ರಾತ್ರಿಗೆ ಕೆಂಪು ಗುಳ್ಳೆ ಏಳುತ್ತವೆ, ಮಕ್ಕಳು ಕೆರೆದು ಗಾಯ ಮಾಡಿಕೊಳ್ಳುತ್ತಾರೆ. ಮಗುವನ್ನು ಬರಿ ಮರಳಿನ ಮೇಲೆ ಕೂರಿಸದೆ ದಪ್ಪ ಬಟ್ಟೆ ಹಾಸಿ, ಕಾಲು ಮುಚ್ಚುವ ಪ್ಯಾಂಟ್ ಹಾಕಿ. ನೀರಿಗೆ ಇಳಿಯುವ ಮೊದಲು ಎಚ್ಚರಿಕೆ ಫಲಕ ಓದಿ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಇದೇ ಹ್ಯಾವ್‌ಲಾಕ್‌ನಲ್ಲಿ ಒಬ್ಬ ಪ್ರವಾಸಿ ಮೊಸಳೆಗೆ ಬಲಿಯಾಗಿದ್ದಾರೆ.

ಎಲಿಫೆಂಟ್ ಬೀಚಿಗೆ ಹೋಗುವ ಸ್ಪೀಡ್ ಬೋಟಿನಲ್ಲಿ ನಮಗೆ ಕೊಟ್ಟದ್ದು ದೊಡ್ಡವರ ಲೈಫ್ ಜಾಕೆಟ್. ಮಗಳಿಗೆ ತೊಡಿಸಿ ಭುಜ ಹಿಡಿದು ಎತ್ತಿದರೆ ಜಾಕೆಟ್ ಮಾತ್ರ ಮೇಲೆ ಬಂತು, ಮಗು ಕೆಳಗೆ ಜಾರಿತು. ನೀರಿನಲ್ಲೂ ಅದೇ ಆಗುತ್ತದೆ. "ಮಗುವನ್ನು ಗಟ್ಟಿಯಾಗಿ ಹಿಡ್ಕೊಳ್ಳಿ, ಸಾಕು" ಎಂದರು. ನಾವು ಹತ್ತಲಿಲ್ಲ. ಆ ದುಡ್ಡು ವಾಪಸ್ ಬರಲಿಲ್ಲ. ಮಗುವಿನ ತೂಕಕ್ಕೆ ಹೊಂದುವ, ಕತ್ತಿನ ಹಿಂದೆ ಆಸರೆ ಇರುವ, ಕಾಲುಗಳ ನಡುವೆ ಪಟ್ಟಿ ಬರುವ ಜಾಕೆಟ್ ಊರಿನಿಂದಲೇ ಕೊಂಡೊಯ್ಯಿರಿ. ಬ್ಯಾಗಿನಲ್ಲಿ ಜಾಗ ತಿನ್ನುತ್ತದೆ, ತಿನ್ನಲಿ.

ಆ ರಾತ್ರಿ ಭೇದಿ ಶುರುವಾಯಿತು. ನೀರೋ, ಹೋಟೆಲಿನ ಹಾಲಿನ ಪುಡಿಯೋ, ನಿದ್ದೆಗೆಟ್ಟ ದೇಹವೋ, ಯಾವುದು ಕಾರಣ ಎಂದು ಹೇಳಲಾರೆ. ಹನ್ನೊಂದರ ಹೊತ್ತಿಗೆ ಮಗು ಎದೆಗೆ ಒರಗಿ ಸುಮ್ಮನಾಗಿಬಿಟ್ಟಿತು. ಅತ್ತರೆ ಕಣ್ಣೀರಿಲ್ಲ. ಡೈಪರ್ ಸಂಜೆಯಿಂದ ಒಣಗಿಯೇ ಇತ್ತು. ನಾಲಿಗೆ ಒಣಗಿತ್ತು. ಇವು ಮೈಯಲ್ಲಿ ನೀರು ಇಳಿದ ಗುರುತುಗಳು. ಇಂಥದ್ದು ಕಂಡರೆ ಬೆಳಗಿನ ತನಕ ಕಾಯುವ ಮಾತೇ ಇಲ್ಲ. ಏಜೆಂಟ್ ಕೊಟ್ಟಿದ್ದ 'ಇಪ್ಪತ್ತನಾಲ್ಕು ಗಂಟೆ ಸಹಾಯವಾಣಿ'ಗೆ ಕರೆ ಮಾಡಿದೆವು. ಎತ್ತಲಿಲ್ಲ. ಇವರು ಹೋಟೆಲಿನ ವಾಚ್‌ಮನ್‌ನನ್ನು ಎಬ್ಬಿಸಿದರು. ಪುಣ್ಯಾತ್ಮ, ಅವನೇ ಆಟೋ ತರಿಸಿ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದ. ಅಲ್ಲಿದ್ದ ಡಾಕ್ಟರ್ ಮತ್ತು ಸಿಸ್ಟರ್ ಬೆಳಗಿನವರೆಗೂ ಮಗುವಿನ ಪಕ್ಕದಲ್ಲಿದ್ದರು. ಚಮಚ ಚಮಚ ಓಆರ್‌ಎಸ್ ಕುಡಿಸಿದರು, ಜಿಂಕ್ ಕೊಟ್ಟರು, ಎಷ್ಟು ದಿನ ಮುಂದುವರಿಸಬೇಕು ಎಂದು ಬರೆದುಕೊಟ್ಟರು. ಅವರ ಋಣ ನಮ್ಮ ಮೇಲಿದೆ.

ಡಾಕ್ಟರ್ ಹೇಳಿದ ಒಂದು ಮಾತು ಮಾತ್ರ ಇಂದಿಗೂ ಮೈ ನಡುಗಿಸುತ್ತದೆ. ಮಗುವಿನ ಸ್ಥಿತಿ ಇನ್ನಷ್ಟು ಕೆಟ್ಟಿದ್ದರೆ ಪೋರ್ಟ್ ಬ್ಲೇರ್‌ನ ಜಿ.ಬಿ. ಪಂತ್ ಆಸ್ಪತ್ರೆಗೇ ಕಳಿಸಬೇಕಾಗಿತ್ತು. ನಡುವೆ ಇರುವುದು ಸಮುದ್ರ. ಪ್ರವಾಸಿಗರ ಫೆರಿಗಳು ಹಗಲು ಹೊತ್ತಿನಲ್ಲಿ ಮಾತ್ರ. ಬೆಂಗಳೂರಿನಲ್ಲಿ ಅರ್ಧ ಗಂಟೆಯಲ್ಲಿ ತಲುಪುವ ಆಸ್ಪತ್ರೆ ಅಲ್ಲಿ ಒಂದು ರಾತ್ರಿಯಷ್ಟು ದೂರ.

ಓಆರ್‌ಎಸ್ ಬಗ್ಗೆಯೂ ಹೇಳಿಬಿಡುತ್ತೇನೆ. ಪುಡಿಯ ಪೊಟ್ಟಣಗಳನ್ನು ಇಲ್ಲಿಂದಲೇ ಒಯ್ಯಿರಿ, ಜಾಸ್ತಿಯೇ ಇರಲಿ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿಲಿಗೆ. ಅಳತೆ ತಪ್ಪಬಾರದು, ಅರ್ಧ ಪೊಟ್ಟಣ ಅಂದಾಜಿನಲ್ಲಿ ಹಾಕಬಾರದು. ಅಂಗಡಿಗಳಲ್ಲಿ ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದುಕೊಂಡು ಕೊಡಬೇಡಿ. ಸಕ್ಕರೆ ಜಾಸ್ತಿಯಾದರೆ ಭೇದಿ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಹೊಂದದ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಹಾಕುವಂತಿಲ್ಲ ಎಂದು 2025ರ ಅಕ್ಟೋಬರ್‌ನಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶ ಹೊರಡಿಸಿದೆ.

ಮಗು ಚೇತರಿಸಿಕೊಂಡಿತು. ನೀಲ್ ಬಿಟ್ಟುಬಿಡಿ, ನೇರ ಪೋರ್ಟ್ ಬ್ಲೇರ್‌ಗೆ ಕಳಿಸಿ ಎಂದು ಏಜೆಂಟ್‌ಗೆ ಹೇಳಿದೆವು. ಟಿಕೆಟ್ ಬದಲಾಯಿಸಲು ಆಗುವುದಿಲ್ಲ ಎಂದರು. ಅಷ್ಟರಲ್ಲಿ ಗಾಳಿ ಎದ್ದು ಫೆರಿಗಳೇ ನಿಂತವು. ನಾವು ಹೋದದ್ದು ದೀಪಾವಳಿ ಕಳೆದ ಮೇಲೆ. ಅಕ್ಟೋಬರ್‌ನಿಂದ ಮೇ ತನಕ ಸೀಸನ್, ಮಳೆಯ ಚಿಂತೆಯೇ ಇಲ್ಲ ಎಂದು ಏಜೆಂಟ್ ಹೇಳಿದ್ದರು. ಅದು ಸುಳ್ಳು. ಅಂಡಮಾನ್‌ಗೆ ಎರಡು ಮುಂಗಾರು ಇದ್ದ ಹಾಗೆ: ನೈಋತ್ಯದ ಮಳೆ ಮುಗಿದ ಮೇಲೆ ಈಶಾನ್ಯದ ಮಳೆ ಬರುತ್ತದೆ, ಬಂಗಾಳಕೊಲ್ಲಿಯ ಚಂಡಮಾರುತಗಳು ಹೆಚ್ಚಾಗಿ ಏಳುವುದೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. 2016ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡು, ಕೊನೆಗೆ ನೌಕಾಪಡೆಯ ಹಡಗುಗಳು ಅವರನ್ನು ಕರೆತಂದವು. ಪ್ಯಾಕೇಜ್ ಮಾರುವವರಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಮಗು ಇರುವವರಿಗೆ ನನ್ನ ಸಲಹೆ ಫೆಬ್ರವರಿ, ಮಾರ್ಚ್.

ವಿಮಾನ ತಪ್ಪಿತು. ಹೊಸ ಟಿಕೆಟ್, ಹೆಚ್ಚುವರಿ ಹೋಟೆಲ್, ಎಲ್ಲ ನಮ್ಮ ಕೈಯಿಂದ. ಹೋಗದ ನೀಲ್‌ನ ರೂಮಿನ ದುಡ್ಡನ್ನೂ ಕೊಡಲಿಲ್ಲ. ಕಾರಣ ಕೇಳಿದರೆ 'ಪ್ರಕೃತಿ ವಿಕೋಪ' ಎಂಬ ಒಂದೇ ಉತ್ತರ. ಗಾಳಿ ಎದ್ದದ್ದು ಅವರ ತಪ್ಪಲ್ಲ, ಒಪ್ಪುತ್ತೇನೆ. ಆದರೆ ಹೊರಡುವ ದಿನವೇ ಫೆರಿ ಮತ್ತು ವಿಮಾನ ಎರಡನ್ನೂ ಒಂದಕ್ಕೊಂದು ಅಂಟಿಸಿ ಇಟ್ಟದ್ದು ಗಾಳಿಯಲ್ಲ. ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು, ಇದು ಅಲ್ಲಿನ ಪ್ರತಿ ಆಟೋ ಚಾಲಕನಿಗೂ ಗೊತ್ತಿರುವ ವಿಷಯ.

ಹೋಗಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗುವುದಾದರೆ ಪೋರ್ಟ್ ಬ್ಲೇರ್ ಜೊತೆಗೆ ಒಂದೇ ಒಂದು ದ್ವೀಪ ಸಾಕು. ಇಳಿದ ದಿನ ಏನೂ ಬೇಡ, ಮಲಗಿ. ಫೆರಿ ಟಿಕೆಟ್ ಬೆಳಗಿನದೇ ಇರಲಿ, ಆಗ ರದ್ದಾದರೂ ಮಧ್ಯಾಹ್ನದ್ದಕ್ಕೆ ಪ್ರಯತ್ನಿಸಬಹುದು. ಹೋಟೆಲ್ ಬುಕ್ ಮಾಡುವಾಗ ಸಮುದ್ರ ಕಾಣುತ್ತದೆಯೇ ಎಂದು ಕೇಳುವ ಮೊದಲು, ರಾತ್ರಿ ಹನ್ನೊಂದಕ್ಕೆ ಆರೋಗ್ಯ ಕೇಂದ್ರಕ್ಕೆ ಹೋಗಲು ಗಾಡಿ ಸಿಗುತ್ತದೆಯೇ, ಮಗುವಿಗೆ ಗಂಜಿ ಮಾಡಿಕೊಡುತ್ತಾರೆಯೇ ಎಂದು ಕೇಳಿ. ರಾಗಿ ಸರಿ ಹಿಟ್ಟು, ಚಿಕ್ಕ ಎಲೆಕ್ಟ್ರಿಕ್ ಕೆಟಲ್ ನಿಮ್ಮ ಜೊತೆಗೇ ಇರಲಿ. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಾಗಿದ್ದರೆ ವಾಪಸ್ ಬರುವ ದಿನಾಂಕ ನೋಡಿಕೊಳ್ಳಿ, ಎರಡು ತುಂಬಿದ ಮಗುವಿಗೆ ವಿಮಾನದಲ್ಲಿ ಬೇರೆ ಸೀಟು ತೆಗೆದುಕೊಳ್ಳಬೇಕು.

ನಮ್ಮ ಹಾಗೆ ಈಗಾಗಲೇ ಸಿಕ್ಕಿಬಿದ್ದವರು ಇದ್ದರೆ ಕೈಕಟ್ಟಿ ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮೊದಲು ದೂರು ಕೊಡಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಏಜೆಂಟ್ ಯಾವ ಊರಿನಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನಾವು ದೂರು ಹಾಕಿದ್ದೇವೆ, ವಿಚಾರಣೆ ಇನ್ನೂ ನಡೆಯುತ್ತಿದೆ. ಏಜೆಂಟ್ ಫೋನಿನಲ್ಲಿ ಕೊಟ್ಟ ಭರವಸೆಗಳಿಗೆ ಅಲ್ಲಿ ಸಾಕ್ಷಿ ಇಲ್ಲ. ನಮ್ಮ ಕೈಯಲ್ಲಿರುವುದು ಆ ಪಿಡಿಎಫ್, ಆರೋಗ್ಯ ಕೇಂದ್ರದ ಚೀಟಿ, ಮತ್ತು "ಮಗುವಿಗೆ ತಕ್ಕಂತೆ ಪ್ಲಾನ್ ಮಾಡಿದ್ದೀವಿ ಮೇಡಂ" ಎಂದು ಅವರು ಬರೆದು ಕಳಿಸಿದ್ದ ಒಂದು ವಾಟ್ಸಾಪ್ ಮೆಸೇಜ್. ನಿಮಗೂ ಯಾರಾದರೂ ಬಾಯಲ್ಲಿ ಹಾಗೆ ಹೇಳಿದರೆ, ಅದನ್ನೇ ಬರೆದು ಕಳಿಸಿ ಎಂದು ಹೇಳಿ. ಮೆಸೇಜ್ ಬಂದ ಮೇಲೆಯೇ ಅಡ್ವಾನ್ಸ್ ಹಾಕಿ.