ಮೂರು ವರ್ಷ ಡೆಸರ್ಟ್ ಟೀ ಕುಡಿದ ಮೇಲೆ: ಡಬ್ಬಿಯ ಘಮ ಬೇರೆ, ಲೋಟದ ರುಚಿ ಬೇರೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕಾಫಿ ಮನೆಯವಳು. ಊರು ಸಕಲೇಶಪುರದ ಹತ್ತಿರ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವ ತನಕ ನಮ್ಮಲ್ಲಿ ಯಾರೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಟೀ ಅಂದರೆ ನೆಗಡಿ ಬಂದಾಗ ಶುಂಠಿ ಜಜ್ಜಿ ಹಾಕಿ ಕುದಿಸುವುದು, ಅಷ್ಟೇ. ಈಗ ನೋಡಿದರೆ ಕೆನಡಾದ ಮಿಸ್ಸಿಸಾಗಾದಲ್ಲಿರುವ ನಮ್ಮ ಅಡುಗೆಮನೆಯಲ್ಲಿ ಒಂದು ಇಡೀ ಶೆಲ್ಫ್ ಟೀ ಡಬ್ಬಿಗಳು. ಅದರಲ್ಲೂ ಮುಕ್ಕಾಲು ಪಾಲು ಡೆಸರ್ಟ್ ಟೀ, ಅಂದರೆ ಸಿಹಿತಿಂಡಿಯ ಹೆಸರು, ಘಮ ಇರುವವು. ಸಾಲ್ಟೆಡ್ ಕ್ಯಾರಮೆಲ್, ಚಾಕೊಲೇಟ್ ಕೇಕ್, ಕ್ರೆಮ್ ಬ್ರೂಲೆ, ಬಟರ್ ಟಾರ್ಟ್, ಇನ್ನೂ ಏನೇನೋ.

ಇದೆಲ್ಲ ಶುರುವಾದದ್ದು ಶುಗರ್‌ನಿಂದ. ಮೂರು ವರ್ಷದ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ಗಡಿಯಲ್ಲಿದೆ, ಸಿಹಿ ಕಡಿಮೆ ಮಾಡಿ ಅಂದರು. ಊಟ ಆದ ಮೇಲೆ ಒಂದು ಚೂರು ಸಿಹಿ ಬಾಯಿಗೆ ಬೀಳದಿದ್ದರೆ ಊಟ ಮುಗಿಯಿತು ಅಂತಲೇ ಅನ್ನಿಸದ ಜಾತಿ ನಾನು. ಅದೇ ಡಿಸೆಂಬರಿನಲ್ಲಿ ಆಫೀಸಿನ ಗೆಳತಿ ಒಂದು ಟೀ ಪೆಟ್ಟಿಗೆ ಕೊಟ್ಟಳು. 24 ಪುಟ್ಟ ಖಾನೆ, ಕ್ರಿಸ್‌ಮಸ್ ತನಕ ದಿನಕ್ಕೊಂದು ತೆರೆಯುವುದು. ಹೊರಗೆ ಹಿಮ, ಒಳಗೆ ಕ್ಯಾರಮೆಲ್ ಘಮ, ಸಕ್ಕರೆ ಸೊನ್ನೆ. ಬಿದ್ದುಬಿಟ್ಟೆ.

ಅಲ್ಲಿಂದ ಇಲ್ಲಿಯವರೆಗೆ ನಾಲ್ಕೈದು ಅಂಗಡಿಗಳಿಂದ ಸುಮಾರು 60 ಬಗೆ ತರಿಸಿದ್ದೇನೆ. ಅಂಗಡಿಗಳ ಹೆಸರು ಬೇಡ. ಒಂದರ ಬಗ್ಗೆ ದೂರು ಇದೆ, ಆದರೆ ಹೇಳಬೇಕಾದದ್ದು ಅಂಗಡಿಗಿಂತ ಈ ಜಾತಿಯ ಟೀ ಬಗ್ಗೆಯೇ ಜಾಸ್ತಿ.

ಮೊದಲ ಆರು ತಿಂಗಳು ನಾನು ಮೂಗನ್ನು ನಂಬಿ ಮೋಸಹೋದೆ. ಡಬ್ಬಿ ತೆರೆದರೆ ಬೇಕರಿ ಬಾಗಿಲು ತೆರೆದ ಹಾಗೆ ಬೆಣ್ಣೆ, ಬೆಲ್ಲ, ಚಾಕೊಲೇಟ್. ಲೋಟಕ್ಕೆ ಹಾಕಿ ಕುಡಿದರೆ ಬಿಸಿನೀರಿಗೆ ಯಾರೋ ಸೆಂಟ್ ಹೊಡೆದ ಹಾಗೆ. ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಂಡ ಮೇಲೆ ಅರ್ಥವಾಯಿತು. ಎಲೆಯ ಮೇಲೆ ಸುವಾಸನೆ ಎಣ್ಣೆ ಚಿಮುಕಿಸಿರುತ್ತಾರೆ, ಅದು ಮೂಗಿಗೆ ಸಿಹಿ ಸಿಹಿ ಅನ್ನಿಸುತ್ತದೆ, ನಾಲಿಗೆಗೆ ಮಾತ್ರ ಸಿಹಿ ಏನೂ ಸಿಗುವುದಿಲ್ಲ. ಪಾಯಸದ ಘಮ ತೋರಿಸಿ ತಿಳಿಸಾರು ಬಡಿಸಿದರೆ ಸಾರು ಎಷ್ಟೇ ಚೆನ್ನಾಗಿದ್ದರೂ ಸಿಟ್ಟು ಬರುತ್ತದೆ, ಅಲ್ವಾ?

ಹಾಗಾಗಿ ಈಗ ನನ್ನದೇ ಒಂದು ಪರೀಕ್ಷೆ ಇದೆ. ಟೀ ರುಚಿ ನೋಡುವುದಕ್ಕೆ ಐಎಸ್‌ಒ 3103 ಅಂತ ಒಂದು ಅಂತರರಾಷ್ಟ್ರೀಯ ನಿಯಮವೇ ಉಂಟು. 100 ಮಿಲಿ ಕುದಿಯುವ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. (ಇದರ ಬ್ರಿಟಿಷ್ ಅಣ್ಣನಿಗೆ 1999ರಲ್ಲಿ ಇಗ್ ನೊಬೆಲ್ ಅನ್ನೋ ತಮಾಷೆ ಬಹುಮಾನವೂ ಬಂದಿತ್ತು, ಟೀ ಮಾಡುವುದು ಹೇಗೆ ಅಂತ 6 ಪುಟ ಬರೆದದ್ದಕ್ಕೆ.) ಅದು ರುಚಿಯಾದ ಟೀ ಮಾಡುವ ವಿಧಾನ ಅಲ್ಲ, ಬೇರೆ ಬೇರೆ ಟೀಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವ ವಿಧಾನ. ಕಪ್ಪು ಟೀ 6 ನಿಮಿಷ ನೆನೆದರೆ ಒಗರು ಬಂದೇ ಬರುತ್ತದೆ, ನನಗೆ ಬೇಕಾದದ್ದೂ ಅದೇ. ಎಲೆ ಚೆನ್ನಾಗಿದ್ದರೆ ಒಗರಿನ ಹಿಂದೆ ಏನೋ ಒಂದು ರುಚಿ ನಿಂತಿರುತ್ತದೆ. ಕಳಪೆ ಎಲೆಗೆ ಕ್ಯಾರಮೆಲ್ ಬಳಿದಿದ್ದರೆ ಬರೀ ಒಗರು, ಮೇಲೊಂದಿಷ್ಟು ವಾಸನೆ. ಹಾಲು, ಸಕ್ಕರೆ ಏನೂ ಹಾಕದೆ ಮೊದಲ ಗುಟುಕು. ಆಮೇಲೆ ಲೋಟವನ್ನು ಅಲ್ಲೇ ಮರೆತು ಪಾತ್ರೆ ತೊಳೆದು ಬಂದು, ಉಗುರು ಬೆಚ್ಚಗಾದ ಮೇಲೆ ಇನ್ನೊಂದು ಗುಟುಕು. ಅರ್ಧಕ್ಕರ್ಧ ಡೆಸರ್ಟ್ ಟೀಗಳು ಫೇಲಾಗುವುದು ಈ ಎರಡನೇ ಗುಟುಕಿನಲ್ಲಿ. ಬಿಸಿ ಇದ್ದಾಗ ಮುಚ್ಚಿಕೊಂಡಿದ್ದ ಸಾಬೂನಿನಂಥ ರುಚಿ ತಣ್ಣಗಾದಾಗ ಎದ್ದು ಕೂರುತ್ತದೆ.

ಇನ್ನು ಒಂದೊಂದರ ಕಥೆ.

ಚಾಕೊಲೇಟ್ ಟೀಗಳ ಮೇಲೆ ನನಗೆ ನಂಬಿಕೆ ಹೋಗಿದೆ. ಕೋಕೋ ಚೂರು ಹಾಕಿರುತ್ತಾರೆ ನಿಜ, ಆದರೆ ಚಾಕೊಲೇಟ್ ಬಾಯಲ್ಲಿ ಕರಗುವ ಸುಖ ಇರುವುದೇ ಅದರ ಜಿಡ್ಡಿನಲ್ಲಿ. ಜಿಡ್ಡು ನೀರಿನಲ್ಲಿ ಬೆರೆಯುವುದಿಲ್ಲ. ಉಳಿಯುವುದು ತೆಳ್ಳಗಿನ ಕಂದು ನೀರು. ಚಾಕೊಲೇಟ್ ಚಿಪ್ಸ್ ಹಾಕಿದ್ದಂತೂ ಇನ್ನೂ ರಗಳೆ, ಮೇಲೆ ಎಣ್ಣೆ ತೇಲುತ್ತದೆ, ಸೋಸುವ ಜಾಲರಿ ಕಟ್ಟಿಕೊಳ್ಳುತ್ತದೆ. ಗಟ್ಟಿ ಅಸ್ಸಾಂ ಎಲೆಯ ಮೇಲೆ ಮಾಡಿದ್ದು ಒಂದೇ ಒಂದು ಪರವಾಗಿಲ್ಲ, ಅದೂ ಹಾಲು ಹಾಕಿದರೆ. ಹಾಲು ಹಾಕುವುದು ಅಂದರೆ ಇಳಿಸಿದ ಮೇಲೆ ಬಿಸಿ ಹಾಲು ಬೆರೆಸುವುದು. ನಮ್ಮೂರಿನ ಥರ ಹಾಲಿನ ಜೊತೆ ಕುದಿಸಿದರೆ ದುಡ್ಡು ಕೊಟ್ಟು ಕೊಂಡ ಸುವಾಸನೆಯೆಲ್ಲ ಚಿಮಣಿಯ ಪಾಲು.

ವೆನಿಲಾ ವಿಷಯದಲ್ಲಿ ನಾನು ಸ್ವಲ್ಪ ಜಿಗುಟು. 2000ದ ನಂತರ ಮಲೆನಾಡಿನಲ್ಲಿ ವೆನಿಲಾ ಹುಚ್ಚು ಹಬ್ಬಿದಾಗ ನಮ್ಮ ದೊಡ್ಡಪ್ಪನೂ ತೋಟದಲ್ಲಿ ಬಳ್ಳಿ ಹಬ್ಬಿಸಿದ್ದರು. ಹೂ ಅರಳುವುದು ಒಂದೇ ಬೆಳಗ್ಗೆ, ಅಷ್ಟರೊಳಗೆ ಕಡ್ಡಿ ಹಿಡಿದು ಒಂದೊಂದು ಹೂವಿಗೂ ಕೈಯಾರೆ ಪರಾಗ ಮುಟ್ಟಿಸಬೇಕು. ರಜೆಯಲ್ಲಿ ನಾವು ಮಕ್ಕಳೂ ಆ ಕೆಲಸ ಮಾಡಿದ್ದೇವೆ. ಬೆಲೆ ಆಕಾಶಕ್ಕೆ ಹೋಗಿ ಅಷ್ಟೇ ಬೇಗ ಕೆಳಗೆ ಬಿತ್ತು, ದೊಡ್ಡಪ್ಪ ಬಳ್ಳಿ ಕಿತ್ತು ಹಾಕಿದರು. ಆದರೆ ಹದಮಾಡಿದ ಕೋಡಿನ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಒಣದ್ರಾಕ್ಷಿ, ಮರ, ಸ್ವಲ್ಪ ಹೊಗೆ. ಐಸ್‌ಕ್ರೀಮಿನ ವಾಸನೆ ಅಲ್ಲವೇ ಅಲ್ಲ. ಹಾಗಂತ ಲ್ಯಾಬಿನಲ್ಲಿ ಮಾಡಿದ ವೆನಿಲಿನ್ (ವೆನಿಲಾ ಘಮದ ಮುಖ್ಯ ವಸ್ತು) ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. 1874ರಲ್ಲೇ ಜರ್ಮನಿಯಲ್ಲಿ ಅದನ್ನು ಪೈನ್ ಮರದಿಂದ ಸಿಗುವ ವಸ್ತುವಿನಿಂದ ತಯಾರಿಸಿದ್ದರು, ಕೋಡಿನಲ್ಲಿರುವ ವೆನಿಲಿನ್ನೂ ಅದೂ ಒಂದೇ. ಕೋಡಿನಲ್ಲಿ ಅದರ ಜೊತೆ ಬೇರೆ ನೂರಾರು ವಾಸನೆಗಳಿರುತ್ತವೆ, ವ್ಯತ್ಯಾಸ ಅಷ್ಟೇ. ಪ್ಯಾಕೆಟ್ಟಿನ ಮೇಲೆ ‘ನ್ಯಾಚುರಲ್ ಫ್ಲೇವರ್’ ಅಂತ ಇರುವುದನ್ನು ನೋಡಿ, ಕೋಡಿನ ಘಮವೇ ಸಿಗುತ್ತದೆ ಅಂದುಕೊಂಡು ಜಾಸ್ತಿ ದುಡ್ಡು ಕೊಟ್ಟು ಮೂರು ಸಲ ಬೇಜಾರು ಮಾಡಿಕೊಂಡಿದ್ದೇನೆ.

ಸಿಹಿ ಹೆಸರಿಗೆ ನಿಜವಾಗಿ ಹೊಂದುವ ಬೇಸ್ ಅಂದರೆ ರೂಯಿಬೊಸ್. ಇದು ಟೀ ಗಿಡವೇ ಅಲ್ಲ, ದಕ್ಷಿಣ ಆಫ್ರಿಕಾದ ಸೀಡರ್‌ಬರ್ಗ್ ಬೆಟ್ಟಗಳ ಕಡೆ ಬೆಳೆಯುವ ಪೊದೆ, ಬೇಳೆಕಾಳಿನ ಕುಟುಂಬದ್ದು, ಅಂದರೆ ನಮ್ಮ ತೊಗರಿಗೆ ದೂರದ ನೆಂಟ. ಕೆಫೀನ್ ಇಲ್ಲ, ಎಷ್ಟು ಹೊತ್ತು ನೆನೆಸಿದರೂ ಕಹಿಯಾಗುವುದಿಲ್ಲ, ತನ್ನಷ್ಟಕ್ಕೇ ಒಂದು ಜೋನಿಬೆಲ್ಲದ ಛಾಯೆ ಇದೆ. ರಾತ್ರಿ ಒಂಬತ್ತಕ್ಕೆ ಕುಡಿದು ಹತ್ತೂವರೆಗೆ ಮಲಗಬಹುದು. ಕ್ರೆಮ್ ಬ್ರೂಲೆ, ಕ್ಯಾರಮೆಲ್ ಎರಡನ್ನೂ ನಾನು ಈಗ ರೂಯಿಬೊಸ್‌ನಲ್ಲಿ ಮಾತ್ರ ಕೊಳ್ಳುತ್ತೇನೆ. ತಣ್ಣಗಿನ ಗುಟುಕಿನಲ್ಲೂ ಪಾಸಾದವು.

ಶುಗರ್ ಇರುವವರು ಪ್ಯಾಕೆಟ್ಟಿನ ಹಿಂದೆ ಓದಿ. ಕೆಲವದರಲ್ಲಿ ಸಕ್ಕರೆ ಹರಳು, ಮಿಠಾಯಿ ಚೂರು, ಬಣ್ಣದ ಸ್ಪ್ರಿಂಕಲ್ಸ್ ಸುಮ್ನೆ ಚೆಂದಕ್ಕೆ ಅಂತ ಸೇರಿಸಿರುತ್ತಾರೆ. ಕೆಲವದರಲ್ಲಿ ಸ್ಟೀವಿಯಾ ಎಲೆ, ಅದರ ಸಿಹಿ ಗಂಟಲಲ್ಲಿ ಅರ್ಧ ಗಂಟೆ ಕೂತಿರುತ್ತದೆ. ಇನ್ನು ಕೆಲವದರಲ್ಲಿ ಜ್ಯೇಷ್ಠಮಧು. ಅದು ಜಾಸ್ತಿಯಾದರೆ ಬಿಪಿ ಏರುತ್ತದೆ. ನಮ್ಮನೆಯವರಿಗೆ ಬಿಪಿ ಇದೆ, ಹಾಗಾಗಿ ಅದು ಮನೆಯೊಳಗೇ ಬರುವುದಿಲ್ಲ.

ದೂರು ಅಂದೆನಲ್ಲ, ಅದು ನನೈಮೊ ಬಾರ್ ಹೆಸರಿನ ಟೀ ಬಗ್ಗೆ. ನನೈಮೊ ಬಾರ್ ಅಂದರೆ ಇಲ್ಲಿನ ಬ್ರಿಟಿಷ್ ಕೊಲಂಬಿಯಾದ ತಿಂಡಿ, ಕೊಬ್ಬರಿ, ಕಸ್ಟರ್ಡ್, ಚಾಕೊಲೇಟ್ ಮೂರು ಪದರ. ಟೀಯಲ್ಲೂ ಕೊಬ್ಬರಿ ತುರಿ ಧಾರಾಳವಾಗಿತ್ತು. ತೆರೆದ ದಿನವೇ ಕಮಟು ವಾಸನೆ. ಕೊಬ್ಬರಿ ಕಮಟಾಗಿದೆಯೋ ಇಲ್ಲವೋ ಅನ್ನುವುದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬರೆದು ಕೇಳಿದರೆ ‘ಅದು ಹುರಿದ ಕೊಬ್ಬರಿಯ ಸಹಜ ಘಮ’ ಅಂತ ಉತ್ತರ. ಎರಡು ವಾರ ಎಳೆದಾಡಿ ಕೊನೆಗೆ ದುಡ್ಡು ವಾಪಸ್ ಕೊಟ್ಟರು. ಕೊಬ್ಬರಿ, ಗೋಡಂಬಿ, ಬಾದಾಮಿ ಇರುವ ಟೀ ಯಾವುದೇ ಇರಲಿ, 50 ಗ್ರಾಂಗಿಂತ ಜಾಸ್ತಿ ತರಿಸಬೇಡಿ, ಎರಡು ತಿಂಗಳಲ್ಲಿ ಮುಗಿಸಿ.

ಬೆಲೆ ವಿಷಯ. ನಾನು ಕೊಟ್ಟದ್ದು 50 ಗ್ರಾಂಗೆ ಸುಮಾರು 10 ಡಾಲರ್. ಲೋಟಕ್ಕೆ ಎರಡೂವರೆ ಗ್ರಾಂ ಅಂದರೆ 20 ಲೋಟ, 50 ಸೆಂಟಿಗೆ ಒಂದು ಲೋಟ, ಪರವಾಗಿಲ್ಲ. ಆದರೆ ದಪ್ಪ ದಪ್ಪ ಹಣ್ಣಿನ ಚೂರು ಇರುವವಕ್ಕೆ 4 ಗ್ರಾಂ ಆದರೂ ಬೇಕು, ಆಗ ಅದು 80 ಸೆಂಟ್. ತೂಕದಲ್ಲಿ ಅರ್ಧ ಒಣಸೇಬು! ಚಮಚದಲ್ಲಿ ಅಳೆಯಬೇಡಿ, ಒಂದು ಸಲ ಬರೀ ಸೇಬು ಬರುತ್ತದೆ, ಇನ್ನೊಂದು ಸಲ ಬರೀ ಪುಡಿ. ಇನ್ನೊಂದು, ಎರಡನೇ ಸಲ ನೀರು ಹಾಕಿದರೆ ಸುವಾಸನೆ ಇರುವುದಿಲ್ಲ, ಮೇಲೆ ಬಳಿದದ್ದು ಮೊದಲ ನೀರಿಗೇ ತೊಳೆದುಹೋಗಿರುತ್ತದೆ.

ಇದೇ ಕಾರಣಕ್ಕೆ ನಾನೀಗ ಏನೂ ಬಳಿಯದ ಟೀಗಳ ಕಡೆ ವಾಲಿದ್ದೇನೆ. ತೈವಾನಿನ ಜಿನ್ ಶುವಾನ್ ಅನ್ನುವ ತಳಿಯ ಊಲಾಂಗ್ (ಹಸಿರು ಟೀಗೂ ಕಪ್ಪು ಟೀಗೂ ನಡುವಿನ ಬಗೆ) ಇದೆ, 1980ರ ದಶಕದಲ್ಲಿ ಬಂದದ್ದು, ಹಾಲಿನ ಕೆನೆಯ ಛಾಯೆ ಎಲೆಯಲ್ಲೇ ಇರುತ್ತದೆ. ‘ಮಿಲ್ಕ್ ಊಲಾಂಗ್’ ಹೆಸರಿನಲ್ಲಿ ಸುವಾಸನೆ ಹಾಕಿದ್ದನ್ನೂ ಮಾರುತ್ತಾರೆ, ಹುಷಾರು. ಒಣ ಎಲೆಯೇ ಕಂಡೆನ್ಸ್ಡ್ ಮಿಲ್ಕ್ ಥರ ಹೊಡೆಯುತ್ತಿದ್ದು, ಮೂರನೇ ನೀರಿಗೆ ಏನೂ ಉಳಿಯದಿದ್ದರೆ ಅದು ಬಳಿದದ್ದೇ. ನಿಜವಾದದ್ದು ಮೂಗಿಗೆ ಅಷ್ಟೇನೂ ಹೊಡೆಯುವುದಿಲ್ಲ, ಆದರೆ ನಾಲ್ಕನೇ ನೀರಿಗೂ ಮಾತಾಡುತ್ತದೆ. ಇನ್ನೊಂದು ಜಪಾನಿನ ಗೆನ್ಮೈಚಾ, ಹಸಿರು ಟೀಗೆ ಹುರಿದ ಅಕ್ಕಿ ಬೆರೆಸಿದ್ದು.

ಹೋದ ಬೇಸಿಗೆಯಲ್ಲಿ ಅತ್ತೆ ಬಂದಿದ್ದಾಗ ಅವರ ಮುಂದೆ ಐದು ಲೋಟ ಇಟ್ಟೆ. ಏಲಕ್ಕಿ, ಗುಲಾಬಿ ಹಾಕಿದ ರಸಮಲಾಯಿ ಟೀ ನನ್ನ ಪ್ರಕಾರ ಚೆನ್ನಾಗಿಯೇ ಇತ್ತು. ಅವರು ಒಂದು ಗುಟುಕು ಕುಡಿದು, “ಏನಮ್ಮಾ ಇದು, ಊದುಬತ್ತಿ ತೊಳೆದ ನೀರಿದ್ದ ಹಾಗಿದೆ” ಅಂದರು. ಕ್ಯಾರಮೆಲ್ ರೂಯಿಬೊಸ್‌ಗೆ ತಲೆ ಆಡಿಸಿದರು, ಅಷ್ಟೇ. ಗೆನ್ಮೈಚಾ ಲೋಟ ಮೂಗಿನ ಹತ್ತಿರ ತಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಂಬಿಟ್ಟಿಗೆ ಅಕ್ಕಿ ಹುರಿಯೋವಾಗ ಬರೋ ವಾಸನೆ ಅಲ್ವಾ ಇದು” ಅಂದರು. ಮೂರು ವರ್ಷದಿಂದ ಕುಡಿಯುತ್ತಿರುವ ನನಗೆ ಅದು ಹೊಳೆದಿರಲೇ ಇಲ್ಲ. ಹೋಗುವಾಗ 100 ಗ್ರಾಂ ಕಟ್ಟಿಸಿಕೊಂಡು ಹೋದರು. ಮೊನ್ನೆ ಫೋನಿನಲ್ಲಿ, “ಆ ಅಕ್ಕಿ ಟೀ ಮುಗೀತು ಕಣಮ್ಮಾ, ಯಾರಾದ್ರೂ ಬರೋರಿದ್ರೆ ಕಳಿಸು” ಅಂದರು. ಹಾಲು, ಬೆಲ್ಲ ಹಾಕಿ ಚೆನ್ನಾಗಿ ಕುದಿಸಿ ಕುಡಿಯುತ್ತಿದ್ದರಂತೆ. ನಾನೇನೂ ಹೇಳಲಿಲ್ಲ, 200 ಗ್ರಾಂ ಆರ್ಡರ್ ಮಾಡಿದ್ದೇನೆ.