ಹಳೇ ಕಾರಿಗೆ ಹೊಸ ಆಕ್ಸಿಲರೇಟರ್ ಕೇಬಲ್: ಮೂರು ಮಳೆಗಾಲ ಕಳೆದ ಮೇಲೆ

ನಮ್ಮದು 2004ರ ಪೆಟ್ರೋಲ್ ಕಾರು. ಆಕ್ಸಿಲರೇಟರ್ ಇನ್ನೂ ಕೇಬಲ್‌ನದ್ದೇ, ಅಂದರೆ ಪೆಡಲ್ ಒತ್ತಿದರೆ ಕವಚದೊಳಗಿನ ತಂತಿ ಇಂಜಿನ್‌ನ ಥ್ರಾಟಲ್ಅನ್ನು (ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಎಳೆದು ತೆರೆಯುತ್ತದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆ. ಒಂದು ತಿರುವಿನಲ್ಲಿ ಕಾಲು ತೆಗೆದರೂ ಇಂಜಿನ್ ರೇಸ್ ಇಳಿಯಲೇ ಇಲ್ಲ. ಕ್ಲಚ್ ಒತ್ತಿದರೆ ಕಿವಿ ಕಿತ್ತುಹೋಗುವ ಸದ್ದು. ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ತುಳಿದು ಹಿಡಿದೆ, ನ್ಯೂಟ್ರಲ್ ಮಾಡಿದೆ, ಪಕ್ಕಕ್ಕೆ ನಿಲ್ಲಿಸಿದ ಮೇಲೆ ಕೀ ಆಫ್ ಮಾಡಿದೆ. ಇಂಥ ಹೊತ್ತಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯಬೇಡಿ. ಥ್ರಾಟಲ್ ತೆರೆದೇ ಇದ್ದರೆ, ಬ್ರೇಕ್ ತುಳಿತಕ್ಕೆ ಬಲ ಕೊಡುವ ಬೂಸ್ಟರ್‌ಗೆ ಇಂಜಿನ್‌ನಿಂದ ಸಿಗುವ ವ್ಯಾಕ್ಯೂಮ್ (ಗಾಳಿಯ ಎಳೆತ) ಸಾಲುವುದಿಲ್ಲ, ಬ್ರೇಕ್ ಪೆಡಲ್ ಕಲ್ಲಾಗಿಬಿಡುತ್ತದೆ. "ಏನಾಯ್ತಪ್ಪಾ?" ಅಂದರು ಹಿಂದೆ ಕೂತಿದ್ದ ಅತ್ತೆ. "ಏನಿಲ್ಲ ಅತ್ತೆ, ಗಾಡಿ ಬಿಸಿಯಾಗಿದೆ ಅಷ್ಟೆ" ಅಂದೆ.

ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ, ಥ್ರಾಟಲ್ ಬಾಡಿಯನ್ನೇ ಬದಲಾಯಿಸಬೇಕು, ಒಂಬತ್ತು ಸಾವಿರ ಆಗುತ್ತೆ ಅಂದರು. ಯಾಕೋ ನಂಬಿಕೆ ಬರಲಿಲ್ಲ.

ಭಾನುವಾರ ಮನೆಯಲ್ಲೇ ನೋಡಿದೆ. ಮೊದಲು ಮ್ಯಾಟ್ ತೆಗೆದೆ. ಎಷ್ಟೋ ಸಲ ಪೆಡಲ್ ಸಿಕ್ಕಿಕೊಳ್ಳುವುದು ಅದಕ್ಕೇ. ನಮ್ಮದರಲ್ಲಿ ಅದಲ್ಲ. ತಣ್ಣಗಿದ್ದ ಇಂಜಿನ್ ಮೇಲೆ ಥ್ರಾಟಲ್ ಲಿವರನ್ನು ಕೈಯಲ್ಲೇ ತಿರುಗಿಸಿ ಬಿಟ್ಟೆ. ಟಪ್ ಅಂತ ವಾಪಸ್ ಬಂತು. ಅಂದರೆ ಸ್ಪ್ರಿಂಗ್ ಸರಿಯಾಗಿದೆ, ಒಳಗಿನ ತಟ್ಟೆ ಇಂಗಾಲ ಮೆತ್ತಿಕೊಂಡು ಹಿಡಿದಿಲ್ಲ. ಆಮೇಲೆ ಮನೆಯವಳು ಒಳಗೆ ಕೂತು ಪೆಡಲ್ ಒತ್ತಿ ಬಿಟ್ಟಳು. ಅದೇ ಲಿವರ್ ಈಗ ಮುದುಕನ ಹಾಗೆ ನಿಧಾನಕ್ಕೆ ಬಂತು! ಕೇಬಲ್ ಕಳಚಿ ತಂತಿ ಎಳೆದರೆ ಒಂದು ಕಡೆ ಕರಕರ. ಪೆಡಲ್ ತುದಿಯಲ್ಲಿ ಎರಡು ಎಳೆ ಹರಿದು, ಸೂಜಿಯ ಹಾಗೆ ನಿಂತು, ಹೊರಕವಚಕ್ಕೆ ಚುಚ್ಚಿಕೊಳ್ಳುತ್ತಿದ್ದವು.

ಜಿಪುಣತನಕ್ಕೆ 180 ರೂಪಾಯಿಯ ಡೂಪ್ಲಿಕೇಟ್ ಹಾಕಿಸಿದೆ. ಎಂಟೇ ತಿಂಗಳು. ಇಂಜಿನ್ ಬಿಸಿಗೆ ಒಳಗಿನ ಪ್ಲಾಸ್ಟಿಕ್ ಕೊಳವೆ ಮೆತ್ತಗಾಗಿ, ತಂತಿ ಅದನ್ನೇ ಕೊರೆದಿತ್ತು.

ಆಮೇಲೆ ತಂದದ್ದು 450 ರೂಪಾಯಿಯ ಒರಿಜಿನಲ್. ಮೂರು ಮಳೆಗಾಲ, 38,000 ಕಿಲೋಮೀಟರ್ ಆಯಿತು, ಪೆಡಲ್ ಮೊದಲ ದಿನದಷ್ಟೇ ಹಗುರ. ಆದರೆ ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ತುಂಬಾ ಬಿಗಿ ಮಾಡಿದರೆ ಕಾಲು ತೆಗೆದರೂ ರೇಸ್ ಪೂರ್ತಿ ಇಳಿಯುವುದಿಲ್ಲ, ಸ್ವಲ್ಪ ಸಡಿಲ ಇರಬೇಕು. ಎಲ್ಲೂ ಚೂಪಾಗಿ ಬಗ್ಗಿರಬಾರದು. ನಮ್ಮ ಹುಡುಗ ಪ್ರೀತಿಯಿಂದ ಇಂಜಿನ್ ಆಯಿಲ್ ಸುರಿಯಲು ಬಂದ, ಬೇಡ ಅಂದೆ. ಒಳಗೆ ಪ್ಲಾಸ್ಟಿಕ್ ಕೊಳವೆ ಇರುವ ಕೇಬಲ್‌ಗೆ ಎಣ್ಣೆ ಬೇಕಿಲ್ಲ. ಸುಮ್ನೆ ಧೂಳು ಹಿಡಿದು ರಾಡಿಯಾಗುತ್ತೆ.

ನನ್ನ ದೂರು ಒಂದೇ. ಇಂಜಿನ್ ಕಡೆಯಿಂದ ಕೇಬಲ್ ಒಳಗೆ ಬರುವ ತೂತಿನ ರಬ್ಬರ್ ಬುಶ್ ಪ್ಯಾಕೆಟ್‌ನಲ್ಲಿ ಇರಲಿಲ್ಲ. ಹಳೆಯದು ಒಣಗಿ ಬಿರುಕು ಬಿಟ್ಟಿತ್ತು, ಅದನ್ನೇ ಮತ್ತೆ ಹಾಕಬೇಕಾಯಿತು. ಮಳೆ ಜಾಸ್ತಿಯಾದರೆ ಈಗಲೂ ಪೆಡಲ್ ಹತ್ತಿರ ನಾಲ್ಕು ಹನಿ ನೀರು. ಐದಕ್ಕೆ ನಾಲ್ಕು ಸ್ಟಾರ್.